1969ರ ರಾಷ್ಟ್ರಪತಿ ಚುನಾವಣೆ: ನಿಜಲಿಂಗಪ್ಪನವರು ಮಾಡಿದ ತಪ್ಪಾದರೂ ಏನು?

ದುರ್ಗದ ಬತೇರಿ:

ಈ ವಿಷಯದಲ್ಲಿ ನಾನು ತಟಸ್ಥನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವನಿಗೆ ಅಂದಿನ ಕಾಂಗ್ರೆಸ್ ಅಧ್ಯಕ್ಷ ಎಸ್. ನಿಜಲಿಂಗಪ್ಪನವರ ಹೆಸರು ಬಂದಾಗ ತಟಸ್ಥನಾಗಿರುವುದು ಕಷ್ಟ. ಆ ಪ್ರಯತ್ನವನ್ನೂ ನಾನು ಮಾಡುವುದಿಲ್ಲ. ಆದರೆ ಪಕ್ಷಪಾತಿಯ ಮಾತೆಲ್ಲ ಸುಳ್ಳಾಗಬೇಕೆಂದೇನೂ ಇಲ್ಲವಲ್ಲ. 1969ರ ರಾಷ್ಟ್ರಪತಿ ಚುನಾವಣೆಯ ಪ್ರಚಾರದಲ್ಲಿ, ವಿರೋಧ ಪಕ್ಷಗಳ ಬೆಂಬಲ ಕೇಳಿದರು ಎಂದು ಅವರ ಮೇಲೆ ಹೊರಿಸಿದ ಆರೋಪ ಐವತ್ತು ವರ್ಷ ಕಳೆದರೂ ಹಾಗೆಯೇ ಅಂಟಿಕೊಂಡಿದೆ ಎಂಬ ಕಾರಣಕ್ಕೆ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಅಂದಿನ ಘಟನೆಗಳ ಕ್ರಮವನ್ನು ಒಮ್ಮೆ ನೆನಪಿಸಿಕೊಳ್ಳೋಣ. ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಯಾದರು. ಜುಲೈ ತಿಂಗಳಲ್ಲಿ ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧಿವೇಶನ ನಡೆಯಿತು, ಅದೇ ದಿನಗಳಲ್ಲಿ, 12ರಂದು, ಕಾಂಗ್ರೆಸ್ ಸಂಸದೀಯ ಮಂಡಳಿ ಇದೇ ಊರಿನಲ್ಲಿ ಸೇರಿ ಅಭ್ಯರ್ಥಿಯನ್ನು ಆರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನ ರಾಮ್ ಅವರ ಹೆಸರನ್ನು ಮುಂದಿಟ್ಟರು. ಮಂಡಳಿಯ ಬಹುಮತ ಲೋಕಸಭೆಯ ಅಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿಯವರ ಪರವಾಗಿತ್ತು. ಪಕ್ಷದೊಳಗೆ ಮತಕ್ಕೆ ಹಾಕಿ, ಸೋತವರು ಗೆದ್ದವರ ತೀರ್ಮಾನವನ್ನು ಒಪ್ಪಿಕೊಳ್ಳುವುದು ಪಕ್ಷ ಎಂಬುದಕ್ಕಿರುವ ಅರ್ಥ. ಇಂದಿರಾ ಅವರೂ ಒಪ್ಪಿದರು. ಒಪ್ಪಿದ್ದು ಮಾತ್ರವಲ್ಲ, ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ತಮ್ಮ ಕೈಯಾರೆ ಸಹಿಯನ್ನೂ ಹಾಕಿದರು.

ಆ ಸಹಿಯ ಶಾಯಿ ಒಣಗುವುದರೊಳಗೆ ಏನೆಲ್ಲ ನಡೆದುಹೋಯಿತು ನೋಡಿ. ಜುಲೈ 16ರಂದು ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು. 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಬಂತು. ಅದಕ್ಕೆ ಅಂಕಿತ ಹಾಕಿದ ಗಿರಿಯವರು ಮರುದಿನವೇ ಹುದ್ದೆಗೆ ರಾಜೀನಾಮೆ ಕೊಟ್ಟು ಪಕ್ಷೇತರ ಅಭ್ಯರ್ಥಿಯಾಗಿ ಕಣದಲ್ಲಿ ನಿಂತರು. ಆಗಸ್ಟ್ ಹೊತ್ತಿಗೆ ಸ್ವತಃ ಸೂಚಕರಾದ ಪ್ರಧಾನಿಯವರೇ ತಮ್ಮ ಪಕ್ಷದ ಅಭ್ಯರ್ಥಿಯ ಪರವಾಗಿ ವಿಪ್ (ಹೀಗೆಯೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಹೊರಡಿಸಲು ನಿರಾಕರಿಸಿ, ಸದಸ್ಯರು ಆತ್ಮಸಾಕ್ಷಿಗೆ ತೋಚಿದಂತೆ ಮತ ಹಾಕಲಿ ಎಂದರು.

ಇದಕ್ಕೆ ಅವರ ಕಡೆಯವರು ಕೊಟ್ಟ ಕಾರಣವೇ ನನ್ನ ಪ್ರಶ್ನೆಯ ವಿಷಯ. ಕಾಂಗ್ರೆಸ್ ಅಧ್ಯಕ್ಷರಾದ ನಿಜಲಿಂಗಪ್ಪನವರು ಜನಸಂಘದ ಹಾಗೂ ಸ್ವತಂತ್ರ ಪಕ್ಷದ ನಾಯಕರನ್ನು ಭೇಟಿಯಾಗಿ, ನಿಮ್ಮ ಮೊದಲ ಮತ ನಿಮ್ಮ ಅಭ್ಯರ್ಥಿ ಸಿ.ಡಿ. ದೇಶಮುಖರಿಗೇ ಇರಲಿ, ಎರಡನೆಯ ಪ್ರಾಶಸ್ತ್ಯವನ್ನು ರೆಡ್ಡಿಯವರಿಗೆ ಕೊಡಿ ಎಂದು ಕೇಳಿದರು. ಮಹಾಪರಾಧವೆಂದರೆ ಇಷ್ಟೇ. ಮತದಾರ ಅಭ್ಯರ್ಥಿಗಳಿಗೆ 1, 2, 3 ಎಂದು ಪ್ರಾಶಸ್ತ್ಯ ಬರೆಯುವ, ಕೊನೆಯವನು ಹೊರಬಿದ್ದಾಗ ಅವನ ಮತ ಮುಂದಿನ ಪ್ರಾಶಸ್ತ್ಯದವನಿಗೆ ಹೋಗುವ ಏಕವರ್ಗಾವಣೀಯ ಮತದ ಪದ್ಧತಿಯಲ್ಲಿ ಎರಡನೆಯ ಪ್ರಾಶಸ್ತ್ಯ ಕೇಳುವುದು ತಪ್ಪಾದರೆ, ಮತಪತ್ರದಲ್ಲಿ ಆ ಅಂಕಿಗೆ ಜಾಗವನ್ನಾದರೂ ಏಕೆ ಇಟ್ಟರು?

ನಮ್ಮ ತಾತನವರಿಗೆ ಚಳ್ಳಕೆರೆಯಲ್ಲಿ ಕಡಲೆಕಾಯಿ ಮಂಡಿಯಿತ್ತು. ಆಗಸ್ಟ್ 20ರಂದು ಎಣಿಕೆಯ ಸುದ್ದಿ ರೇಡಿಯೋದಲ್ಲಿ ಬರುತ್ತಿದ್ದಂತೆ ಅವರು ಮಂಡಿಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಮೂರು ಮನೆ ಗೀಚಿ, ‘ಗಿ’, ‘ರೆ’, ‘ದೇ’ ಎಂದು ತಲೆಬರಹ ಬರೆದು ಅಂಕಿಗಳನ್ನು ಇಳಿಸಿಕೊಂಡಿದ್ದರು. ಆ ಪುಸ್ತಕ ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ.

ಮಲ್ಪೆ ಗಾಳಿ:

ದುರ್ಗದ ಬತೇರಿಯವರೇ, ನಿಮ್ಮ ಬರವಣಿಗೆಯ ಬಿಸಿ ಇಷ್ಟವಾಯಿತು, ವಾದ ಆಗಲಿಲ್ಲ. ನೀವು ಪ್ರಾಮಾಣಿಕವಾಗಿ ನಿಮ್ಮ ಪಕ್ಷವನ್ನು ಹೇಳಿಕೊಂಡಿದ್ದೀರಿ, ಆದ್ದರಿಂದ ನಾನೂ ಹೇಳುತ್ತೇನೆ: ನಮ್ಮದು ಇಂದಿರಾ ಗಾಂಧಿಯವರ ಭಾವಚಿತ್ರವನ್ನು ದೇವರ ಪಟಗಳ ಸಾಲಿನಲ್ಲಿಯೇ ತೂಗುಹಾಕಿದ್ದ ಮನೆ, ಭೂಸುಧಾರಣೆಯಲ್ಲಿ ಗೇಣಿಯ ಗದ್ದೆ ಸ್ವಂತದ್ದಾದ ಮನೆ.

ಸಂಸದೀಯ ಮಂಡಳಿಯ ಬಹುಮತವನ್ನು ನೀವು ಪಕ್ಷದ ಬಹುಮತ ಎಂದು ಭಾವಿಸಿ ಬರೆದಿದ್ದೀರಿ. ಬೆರಳೆಣಿಕೆಯಷ್ಟು ಹಿರಿಯರು ಕೋಣೆಯೊಂದರಲ್ಲಿ ಕುಳಿತು ಮಾಡಿದ ತೀರ್ಮಾನ ಅದು. ಕಾಮರಾಜ್, ಎಸ್.ಕೆ. ಪಾಟೀಲ್, ನಿಜಲಿಂಗಪ್ಪ ಇವರೆಲ್ಲರೂ ದೊಡ್ಡವರೇ, ಸಂದೇಹವಿಲ್ಲ. ಆದರೆ ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿ ರಾಷ್ಟ್ರಪತಿಯನ್ನು ತಂದು ಕೂರಿಸುವುದರ ಉದ್ದೇಶವೇನು ಎಂಬ ಪ್ರಶ್ನೆಯನ್ನು ನೀವು ಹಾರಿಸಿಬಿಟ್ಟಿರಿ. ರೆಡ್ಡಿಯವರು ರಾಷ್ಟ್ರಪತಿ ಭವನ ಸೇರಿದ ಮರುದಿನದಿಂದ ತನ್ನ ಕುರ್ಚಿಯನ್ನು ಅಲುಗಾಡಿಸುತ್ತಾರೆ ಎಂಬ ಭಯ ಇಂದಿರಾ ಅವರಿಗಿತ್ತು. ಆ ಭಯಕ್ಕೆ ಆಧಾರವೇ ಇರಲಿಲ್ಲ ಎಂದು ನೀವು ಹೇಳಬಲ್ಲಿರಾ?

ಇನ್ನು ಬ್ಯಾಂಕ್ ರಾಷ್ಟ್ರೀಕರಣವನ್ನು ನೀವು ಕೇವಲ ಚುನಾವಣೆಯ ದಾಳ ಎಂಬಂತೆ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಬೆಂಗಳೂರಿನ ಅಧಿವೇಶನಕ್ಕೆ ಅವರು ಕಳುಹಿಸಿದ ‘ಬಿಡಿ ಆಲೋಚನೆಗಳು’ ಎಂಬ ಟಿಪ್ಪಣಿಯಲ್ಲಿಯೇ ಬ್ಯಾಂಕುಗಳ ವಿಚಾರವಿತ್ತು. ಅಂದರೆ ಅಭ್ಯರ್ಥಿಯ ತೀರ್ಮಾನಕ್ಕೆ ಮುಂಚೆಯೇ ಅದು ಮೇಜಿನ ಮೇಲೆ ಬಂದಿತ್ತು. ಸುಗ್ರೀವಾಜ್ಞೆ ಬಂದ ಆ ಶನಿವಾರ ಸಂಜೆ ನಮ್ಮ ತಂದೆಯವರು ಉಡುಪಿಯಲ್ಲಿದ್ದರು. ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಹೊರಗೆ ಆಷಾಢದ ಮಳೆ ಹೊಯ್ಯುತ್ತಿತ್ತಂತೆ, ಹೋಟೆಲಿನ ರೇಡಿಯೋ ಸರಿಯಾಗಿ ಕೇಳಿಸುತ್ತಿರಲಿಲ್ಲವಂತೆ, ಯಾರೋ ಒಳಗೆ ಬಂದು ‘ಸಿಂಡಿಕೇಟನ್ನು ಇಂದಿರಾ ಮುಗಿಸಿಬಿಟ್ಟಳು’ ಎಂದರಂತೆ. ನಮ್ಮ ಕಡೆ ಸಿಂಡಿಕೇಟ್ ಎಂದರೆ ಕಾಂಗ್ರೆಸ್ಸಿನ ಹಿರಿಯರ ಕೂಟವಲ್ಲ, ಮಣಿಪಾಲದ ಬ್ಯಾಂಕು! ಕೆಲಸ ಹೋಯಿತೆಂದು ತಂದೆಯವರು ಅರ್ಧ ಕಾಫಿ ಬಿಟ್ಟು ಎದ್ದುಬಿಟ್ಟರಂತೆ. ವಾಸ್ತವದಲ್ಲಿ ಇಬ್ಬರು ಸಿಂಡಿಕೇಟರಿಗೂ ಒಂದೇ ವಾರದಲ್ಲಿ ಪೆಟ್ಟು ಬಿದ್ದಿತ್ತು ಎನ್ನಿ.

ಆ ಹದಿನಾಲ್ಕರಲ್ಲಿ ನಮ್ಮ ಜಿಲ್ಲೆಯ ಎರಡು ಬ್ಯಾಂಕುಗಳು ಸೇರಿದ್ದವು, ಕೆನರಾ ಮತ್ತು ಸಿಂಡಿಕೇಟ್. ಒಂದು ಜಿಲ್ಲೆಯ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ.

ಸಂತೆಪೇಟೆ:

ರಾಷ್ಟ್ರೀಕರಣದಿಂದಲೇ ಬಡವನಿಗೆ ಬ್ಯಾಂಕು ಸಿಕ್ಕಿತು ಎಂದು ಹೇಳುವವರು ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿಯನ್ನು ಮರೆಯಬಾರದು. 1928ರಿಂದಲೇ ಏಜೆಂಟರು ಮನೆಮನೆಗೆ ಹೋಗಿ ಎರಡಾಣೆ ಎತ್ತುತ್ತಿದ್ದರು. ಉಳಿದ ಚರ್ಚೆ ಮುಂದುವರಿಯಲಿ.

ಎಣಿಕೆ ಮೇಜು:

ನಾನು ನಿವೃತ್ತ ಗಣಿತ ಶಿಕ್ಷಕ. ನನಗೆ ಇಬ್ಬರ ಪಕ್ಷವೂ ಇಲ್ಲ ಎಂದು ಹೇಳಿದರೆ ನೀವು ನಂಬಲಾರಿರಿ, ಆದ್ದರಿಂದ ಅಂಕಿಗಳ ಪಕ್ಷ ಎಂದು ತಿಳಿದುಕೊಳ್ಳಿ. ಇಷ್ಟು ಹೊತ್ತು ನಡೆದ ಮಾತಿನಲ್ಲಿ ಎರಡನೆಯ ಪ್ರಾಶಸ್ತ್ಯ ಎಂಬ ಪದ ಬಂದಿದೆ, ಆದರೆ ಅದು ಆ ದಿನ ಏನು ಮಾಡಿತು ಎಂಬುದನ್ನು ಯಾರೂ ಹೇಳಲಿಲ್ಲ.

ಆ ಚುನಾವಣೆಯಲ್ಲಿ ಒಬ್ಬ ಸಂಸದನ ಮತದ ಮೌಲ್ಯ 576. ಶಾಸಕರ ಮತದ ಮೌಲ್ಯ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಂದಿನ ಮೈಸೂರು ರಾಜ್ಯದ 1961ರ ಜನಸಂಖ್ಯೆ ಸುಮಾರು 2 ಕೋಟಿ 35 ಲಕ್ಷ. ಅದನ್ನು ವಿಧಾನಸಭೆಯ 216 ಸ್ಥಾನಗಳಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದರೆ 109 ಬರುತ್ತದೆ. ಅಂದರೆ ನಮ್ಮ ಐವರು ಶಾಸಕರು ಸೇರಿದರೂ ಒಬ್ಬ ಸಂಸದನಿಗೆ ಸಮನಾಗುತ್ತಿರಲಿಲ್ಲ.

ಚಲಾಯಿತವಾದ ಕ್ರಮಬದ್ಧ ಮತಗಳ ಒಟ್ಟು ಮೌಲ್ಯ 8,36,337. ಗೆಲ್ಲಲು ಬೇಕಾದದ್ದು 4,18,169. ಮೊದಲ ಪ್ರಾಶಸ್ತ್ಯದ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗಿರಿಯವರು ಸುಮಾರು 88 ಸಾವಿರದಷ್ಟು ಮುಂದಿದ್ದರೂ ಗೆದ್ದಿರಲಿಲ್ಲ. ಇನ್ನೂ 16,654 ಬೇಕಿತ್ತು. ಕೆಳಗಿನವರನ್ನು ಒಬ್ಬೊಬ್ಬರನ್ನಾಗಿ ತೆಗೆದು, ಕೊನೆಗೆ ದೇಶಮುಖರ ಮತಗಳನ್ನೂ ಎರಡನೆಯ ಪ್ರಾಶಸ್ತ್ಯದಂತೆ ಹಂಚಿದ ಮೇಲೆ ಅಂತಿಮ ಅಂಕಿ ಹೀಗಾಯಿತು: ಗಿರಿ 4,20,077, ರೆಡ್ಡಿ 4,05,427.

ಈ ನಾಲ್ಕು ಅಂಕಿಗಳನ್ನು ದಯವಿಟ್ಟು ಕಾಗದದ ಮೇಲೆ ಬರೆದು ಕಳೆದು ನೋಡಿ. ಹಂಚಿಕೆಯಲ್ಲಿ ಗಿರಿಯವರಿಗೆ ಹೆಚ್ಚುವರಿಯಾಗಿ ಬಂದದ್ದು 18,562. ರೆಡ್ಡಿಯವರಿಗೆ ಬಂದದ್ದು 91,879. ಅಂದರೆ ಹೆಚ್ಚುಕಡಿಮೆ ಒಂದಕ್ಕೆ ಐದು. ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಬಾಗಿಲಿಗೆ ಹೋದದ್ದು ವ್ಯರ್ಥವಾಗಿರಲಿಲ್ಲ. 88 ಸಾವಿರದ ಅಂತರ 14,650ಕ್ಕೆ ಇಳಿದದ್ದು ಆ ಮತಗಳಿಂದಲೇ.

ಒಬ್ಬ ಸಂಸದ ಗಿರಿಯವರನ್ನು ಬಿಟ್ಟು ರೆಡ್ಡಿಯವರ ಕಡೆಗೆ ವಾಲಿದ್ದರೆ ಅಂತರದಲ್ಲಿ 1,152 ಕಡಿಮೆಯಾಗುತ್ತಿತ್ತು. ಹದಿಮೂರು ಸಂಸದರು ಹಾಗೆ ವಾಲಿದ್ದರೆ ಫಲಿತಾಂಶ ತಲೆಕೆಳಗಾಗುತ್ತಿತ್ತು. ಹದಿಮೂರೇ ಜನ.

ಆದ್ದರಿಂದ ದುರ್ಗದ ಬತೇರಿಯವರ ಪ್ರಶ್ನೆಗೆ ನನ್ನ ಉತ್ತರ ಅವರಿಗೆ ಪೂರ್ತಿ ಹಿಡಿಸಲಾರದು. ಆ ಭೇಟಿ ನಿಯಮದ ದೃಷ್ಟಿಯಿಂದ ತಪ್ಪಲ್ಲ, ಲೆಕ್ಕದ ದೃಷ್ಟಿಯಿಂದಂತೂ ಅಗತ್ಯವೇ ಆಗಿತ್ತು. ಆದರೆ ಆ ಭೇಟಿಯನ್ನೇ ಕಾರಣ ಮಾಡಿಕೊಂಡು ಜಗಜೀವನ ರಾಮ್ ಮತ್ತು ಫಕ್ರುದ್ದೀನ್ ಅಲಿ ಅಹಮದ್ ಅವರು ಅಧ್ಯಕ್ಷರಿಗೆ ಪತ್ರ ಬರೆದು, ವಿವರಣೆ ಕೇಳಿ, ಮುಕ್ತ ಮತದಾನದ ಬೇಡಿಕೆ ಇಟ್ಟರು. ಹಾಗಾಗಿ ನಿಜಲಿಂಗಪ್ಪನವರು ಹೊರಗಿನಿಂದ ತಂದ ಮತಗಳೆಷ್ಟು, ಅದರಿಂದಾಗಿ ಒಳಗಿನಿಂದ ಕಳೆದುಕೊಂಡ ಮತಗಳೆಷ್ಟು ಎಂಬುದು ನಿಜವಾದ ಲೆಕ್ಕ. ತಂದದ್ದು ಕಣ್ಣಿಗೆ ಕಾಣುತ್ತದೆ. ಕಳೆದುಕೊಂಡದ್ದು ಗುಪ್ತ ಮತದಾನದ ಪೆಟ್ಟಿಗೆಯಲ್ಲಿ ಮುಚ್ಚಿಹೋಗಿದೆ.

ನಿಮ್ಮ ತಾತನವರು ಆ ಹಾಳೆಯಲ್ಲಿ ಎರಡನೆಯ ಸುತ್ತಿನ ಅಂಕಿಗಳನ್ನೂ ಬರೆದಿದ್ದಾರೆಯೇ? ಸಾಧ್ಯವಾದರೆ ನೋಡಿ ತಿಳಿಸಿ.

ದುರ್ಗದ ಬತೇರಿ:

ಮೇಷ್ಟ್ರೇ, ತಮ್ಮ ಲೆಕ್ಕಕ್ಕೆ ಕೈ ಮುಗಿದೆ. ಒಂದಕ್ಕೆ ಐದು ಎಂಬ ಅಂಶವನ್ನು ನಾನು ಹೀಗೆ ಬಿಡಿಸಿ ನೋಡಿರಲಿಲ್ಲ. ಆದರೆ ತಾವು ಕೊನೆಯಲ್ಲಿ ಹೇಳಿದ ‘ಕಳೆದುಕೊಂಡದ್ದು’ ಎಂಬ ಮಾತಿಗೆ ನನ್ನ ತಕರಾರಿದೆ. ಜನಸಂಘದವರನ್ನು ಭೇಟಿಯಾಗದಿದ್ದರೆ ಆ ಕಡೆಯವರು ಬೇರೊಂದು ಕಾರಣವನ್ನು ಹುಡುಕುತ್ತಿರಲಿಲ್ಲವೇ? ಕುಣಿಯಲು ಮನಸ್ಸಿದ್ದವರಿಗೆ ನೆಲ ಎಲ್ಲಿಯೂ ಸಮತಟ್ಟೇ. ಗಿರಿಯವರಿಗೂ ಸಿಪಿಐ, ಸಿಪಿಎಂ, ಡಿಎಂಕೆ, ಅಕಾಲಿ ದಳ, ಮುಸ್ಲಿಂ ಲೀಗ್ ಪಕ್ಷಗಳ ಬೆಂಬಲವಿತ್ತು. ಆ ಬೆಂಬಲ ಪಡೆದದ್ದು ಪ್ರಗತಿಪರತೆ, ಈ ಬೆಂಬಲ ಕೇಳಿದ್ದು ಪ್ರತಿಗಾಮಿ ಸಂಚು. ಅಂದಿನ ಪ್ರಚಾರದ ಜಾಣತನವೆಲ್ಲ ಈ ಎರಡು ಪದಗಳಲ್ಲಿದೆ.

ಮಲ್ಪೆ ಗಾಳಿಯವರ ತಂದೆಯ ಪ್ರಸಂಗ ಓದಿ ನಕ್ಕೆ. ಆದರೆ ಟಿಪ್ಪಣಿಯ ಬಗ್ಗೆ ಒಂದು ಮಾತು. ‘ಬಿಡಿ ಆಲೋಚನೆ’ಗಳನ್ನು ಅಧಿವೇಶನದಲ್ಲಿ ಮಂಡಿಸಲು ಇಂದಿರಾ ಅವರು ತಾವೇ ಬರದೆ ಫಕ್ರುದ್ದೀನ್ ಅಲಿ ಅಹಮದ್ ಅವರ ಕೈಯಲ್ಲಿ ಕಳುಹಿಸಿದ್ದರು. ವಿಚಾರ ಗಟ್ಟಿಯಾಗಿದ್ದವರು ಹಾಗೆ ಮಾಡುತ್ತಾರೆಯೇ? ಅಭ್ಯರ್ಥಿಯ ವಿಷಯದಲ್ಲಿ ಸೋತ ಒಂದೇ ವಾರದೊಳಗೆ ಆ ಆಲೋಚನೆ ಸುಗ್ರೀವಾಜ್ಞೆಯಾಯಿತು. ಸಂಸತ್ತಿನ ಅಧಿವೇಶನ ಎರಡೇ ದಿನದಲ್ಲಿ ಆರಂಭವಾಗುವುದಿತ್ತು, ಅಷ್ಟೂ ಕಾಯಲಿಲ್ಲ. ಕಾದಿದ್ದರೆ ಅಂಕಿತ ಹಾಕಲು ಗಿರಿಯವರು ಆ ಕುರ್ಚಿಯಲ್ಲಿ ಇರುತ್ತಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಪುಸ್ತಕವನ್ನು ಹುಡುಕಿಸುತ್ತೇನೆ.

ಕಟಕಟೆ:

ಈವರೆಗೆ ಇಬ್ಬರೂ ಮುಟ್ಟದ ಒಂದು ಸಂಗತಿಯಿದೆ. ಆ ಪ್ರಚಾರದ ಅತ್ಯಂತ ಹೀನವಾದ ಭಾಗ ಅದು, ಆದ್ದರಿಂದಲೇ ಪಕ್ಷಪಾತಿಗಳಿಬ್ಬರಿಗೂ ಮುಜುಗರವಿರಬಹುದು. ಮತದಾನಕ್ಕೆ ಮುನ್ನ ಸಂಜೀವ ರೆಡ್ಡಿಯವರ ಚಾರಿತ್ರ್ಯದ ಮೇಲೆ ಕೆಸರೆರಚುವ, ಹೆಸರಿಲ್ಲದ ಕರಪತ್ರವೊಂದು ಮತದಾರರ ಕೈಗೆ ತಲುಪಿತು. ಎಲ್ಲೋ ಬೀದಿಯಲ್ಲಿ ಹಂಚಿದ್ದಲ್ಲ. ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿಯೇ ಅದು ಕೈಯಿಂದ ಕೈಗೆ ಹೋಯಿತು. ಅದರಲ್ಲಿದ್ದುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಚುನಾವಣೆಯ ಬಳಿಕ ಈ ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ರಾಷ್ಟ್ರಪತಿ ಚುನಾವಣೆಯ ತಕರಾರುಗಳನ್ನು ಸಂವಿಧಾನದ 71ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯವೇ ನೇರವಾಗಿ ವಿಚಾರಿಸಬೇಕು, ಕೆಳಗಿನ ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಬರುವ ಪ್ರಶ್ನೆಯಿಲ್ಲ. ಶಿವಕೃಪಾಲ್ ಸಿಂಗ್ ವಿರುದ್ಧ ವಿ.ವಿ. ಗಿರಿ ಎಂದು ಹೆಸರಾದ ಆ ಪ್ರಕರಣದಲ್ಲಿ ಅಧಿಕಾರದಲ್ಲಿದ್ದ ರಾಷ್ಟ್ರಪತಿಯೇ ಖುದ್ದಾಗಿ ಬಂದು ಸಾಕ್ಷ್ಯ ನುಡಿದರು. ಸಾಕ್ಷ್ಯದ ಬಹುಪಾಲು ಸುತ್ತಿದ್ದು ಈ ಕರಪತ್ರದ ಸುತ್ತಲೇ: ಯಾರು ಮುದ್ರಿಸಿದರು, ಯಾರು ಹಂಚಿದರು, ಯಾವ ಸದಸ್ಯರ ಕೈಗೆ ಯಾರು ಕೊಟ್ಟರು. ಕೊನೆಗೆ 1970ರಲ್ಲಿ ಅರ್ಜಿ ವಜಾ ಆಯಿತು. ಕರಪತ್ರ ಹಂಚಿಕೆಯಾದದ್ದು ಸುಳ್ಳಲ್ಲ; ಅದರ ಹೊಣೆ ಗಿರಿಯವರ ಮೇಲೆ ಬರುವಂತೆ ರುಜುವಾತಾಗಲಿಲ್ಲ. ಇವೆರಡೂ ಬೇರೆ ಬೇರೆ ಮಾತು ಎಂಬುದನ್ನು ಚರ್ಚೆಯಲ್ಲಿ ಬಹಳ ಜನ ಮರೆಯುತ್ತಾರೆ. ‘ನ್ಯಾಯಾಲಯವೇ ಬಿಟ್ಟಿತಲ್ಲ’ ಎಂದು ಒಂದು ಕಡೆಯವರೂ ‘ಕರಪತ್ರದಿಂದಲೇ ಗೆದ್ದರು’ ಎಂದು ಇನ್ನೊಂದು ಕಡೆಯವರೂ ಹೇಳುವಾಗ ಇಬ್ಬರೂ ತೀರ್ಪಿನ ಅರ್ಧವನ್ನಷ್ಟೇ ಓದಿರುತ್ತಾರೆ.

ಇನ್ನು ವಿಪ್ ವಿಷಯ. ದುರ್ಗದ ಬತೇರಿಯವರು ಅದನ್ನು ಮಹಾದ್ರೋಹವೆಂಬಂತೆ ಬರೆದಿದ್ದಾರೆ. ರಾಷ್ಟ್ರಪತಿ ಚುನಾವಣೆ ಗುಪ್ತ ಮತದಾನ. ಅದು ಸದನದ ಕಲಾಪವಲ್ಲ. ಇಂದಿಗೂ ಪಕ್ಷಾಂತರ ನಿಷೇಧದ ಕಾಯಿದೆ ಆ ಮತಕ್ಕೆ ಅನ್ವಯಿಸುವುದಿಲ್ಲ, ಅಂದು ಆ ಕಾಯಿದೆಯೇ ಇರಲಿಲ್ಲ. ಆದ್ದರಿಂದ ವಿಪ್ ಹೊರಡಿಸಿದ್ದರೂ ಅದಕ್ಕೆ ಹಲ್ಲಿರುತ್ತಿರಲಿಲ್ಲ. ಇಂದಿರಾ ಅವರು ಮಾಡಿದ್ದು ಕಾನೂನಿನ ಉಲ್ಲಂಘನೆಯಲ್ಲ. ತಾನೇ ಸೂಚಿಸಿದ ಅಭ್ಯರ್ಥಿಯನ್ನು ತಾನೇ ಕೈಬಿಡುವುದು ಸರಿಯೇ ಎಂಬುದು ಬೇರೆ ಪ್ರಶ್ನೆ, ಅದನ್ನು ನ್ಯಾಯಾಲಯದಲ್ಲಿ ಕೇಳಲಾಗದು.

ಒಂದು ಅಡ್ಡಮಾತಿಗೆ ಕ್ಷಮಿಸಿ. ಆ ಚುನಾವಣೆಯಲ್ಲಿ ಕಣದಲ್ಲಿದ್ದವರು ಹದಿನೈದು ಮಂದಿ. ಅಂದು ನಾಮಪತ್ರಕ್ಕೆ ಒಬ್ಬ ಸೂಚಕ, ಒಬ್ಬ ಅನುಮೋದಕ ಸಾಕಿತ್ತು, ಠೇವಣಿ ಇರಲಿಲ್ಲ. ಸೂಚಕನೂ ಅನುಮೋದಕನೂ ಮತದಾರರೇ ಆಗಿರಬೇಕು. ಆದರೂ ಐವರು ಅಭ್ಯರ್ಥಿಗಳಿಗೆ ಒಂದೇ ಒಂದು ಮತವೂ ಬೀಳಲಿಲ್ಲ! ತಾವು ಸೂಚಿಸಿದವರಿಗೆ ಮತ ಹಾಕದವರು ಆ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರೊಬ್ಬರೇ ಎಂದು ಆರೋಪಿಸುವವರು ಈ ಹತ್ತು ಜನರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1974ರಲ್ಲಿ ಕಾಯಿದೆ ತಿದ್ದಿ ಹತ್ತು ಸೂಚಕರು, ಹತ್ತು ಅನುಮೋದಕರು, 2,500 ರೂಪಾಯಿ ಠೇವಣಿ ಎಂದು ಬಿಗಿ ಮಾಡಿದರು.

ಎಣಿಕೆ ಮೇಜು:

ಕಟಕಟೆಯವರೇ, ಸೊಗಸಾದ ಅಡ್ಡಮಾತು. ಇನ್ನೊಬ್ಬ ಅಭ್ಯರ್ಥಿಗೆ ಬಂದದ್ದು ಸರಿಯಾಗಿ 576, ಅಂದರೆ ಒಬ್ಬ ಸಂಸದನ ಮತದ ಬೆಲೆ. ಆ ಪುಣ್ಯಾತ್ಮನ ಆತ್ಮಸಾಕ್ಷಿಗೆ ಯಾರ ಕರೆಯೂ ಬೇಕಾಗಿರಲಿಲ್ಲ.

ಹುಣಸೂರು ದಾರಿ:

ನೀವೆಲ್ಲರೂ ದೆಹಲಿಯ ಕಣ್ಣಿನಿಂದ ನೋಡುತ್ತಿದ್ದೀರಿ. ಆ ಚುನಾವಣೆ ಮೈಸೂರು ರಾಜ್ಯಕ್ಕೆ ಏನು ಮಾಡಿತು ಎಂಬುದನ್ನು ಹೇಳದಿದ್ದರೆ ಕನ್ನಡದಲ್ಲಿ ಈ ಚರ್ಚೆ ನಡೆಸುವ ಅಗತ್ಯವೇ ಇರಲಿಲ್ಲ.

ಗಿರಿಯವರು ನಮಗೆ ಅಪರಿಚಿತರಾಗಿರಲಿಲ್ಲ. 1965ರಿಂದ 1967ರವರೆಗೆ ಇದೇ ರಾಜ್ಯದ ರಾಜ್ಯಪಾಲರಾಗಿ ಬೆಂಗಳೂರಿನ ರಾಜಭವನದಲ್ಲಿದ್ದವರು. ಆಗ ಮುಖ್ಯಮಂತ್ರಿಯಾಗಿದ್ದವರು ಇದೇ ನಿಜಲಿಂಗಪ್ಪನವರು. ರಾಜ್ಯಪಾಲರ ಭಾಷಣವನ್ನು ಬರೆಸಿಕೊಟ್ಟವರು ನಾಲ್ಕು ವರ್ಷಗಳ ಬಳಿಕ ಅವರನ್ನೇ ಸೋಲಿಸಲು ದೇಶ ಸುತ್ತಬೇಕಾಯಿತು. ನಿಜಲಿಂಗಪ್ಪನವರು 1968ರಲ್ಲಿ ಪಕ್ಷದ ಅಧ್ಯಕ್ಷರಾಗಿ ದೆಹಲಿಗೆ ಹೋದಾಗ ಮುಖ್ಯಮಂತ್ರಿಯ ಕುರ್ಚಿಯನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಹೋಗಿದ್ದರು. ಹಾಗಾಗಿ ಸರ್ಕಾರ, ಸಂಘಟನೆ, ಜಿಲ್ಲಾ ಸಮಿತಿಗಳು ಎಲ್ಲವೂ ಅವರ ಕಡೆಗಿದ್ದವು. ಇಂದಿರಾ ಅವರ ಕಡೆ ನಿಲ್ಲುವುದಕ್ಕೆ ಆಗ ಧೈರ್ಯ ಬೇಕಿತ್ತು. ದೇವರಾಜ ಅರಸರು ನಿಂತರು.

ಆತ್ಮಸಾಕ್ಷಿಯ ಮತ ಎಂಬ ಮಾತನ್ನು ದುರ್ಗದ ಬತೇರಿಯವರು ವ್ಯಂಗ್ಯವಾಗಿ ಬಳಸುತ್ತಿದ್ದಾರೆ. ದೆಹಲಿಯಲ್ಲಿ ಅದು ತಂತ್ರವೇ ಆಗಿದ್ದಿರಬಹುದು, ಒಪ್ಪುತ್ತೇನೆ. ಆದರೆ ದೊಡ್ಡ ಜಾತಿಗಳ ಮುಖಂಡರ ಪಡಸಾಲೆಯಲ್ಲಿ ಟಿಕೆಟ್ಟಿಗಾಗಿ ಕಂಬಕ್ಕೊರಗಿ ನಿಲ್ಲುತ್ತಿದ್ದ ಸಣ್ಣಪುಟ್ಟ ಸಮುದಾಯಗಳ ಕಾರ್ಯಕರ್ತರಿಗೆ, ಅಧ್ಯಕ್ಷರ ಮಾತನ್ನು ಮೀರಿ ಮತ ಹಾಕಬಹುದು ಎಂಬ ಸುದ್ದಿ ಬೇರೆಯದೇ ರೀತಿಯಲ್ಲಿ ಕೇಳಿಸಿತು. ನವೆಂಬರಿನಲ್ಲಿ ಇಂದಿರಾ ಅವರನ್ನು ಉಚ್ಚಾಟಿಸಿದರು, ಪಕ್ಷ ಒಡೆಯಿತು. ನಿಜಲಿಂಗಪ್ಪನವರ ಕಡೆಯ ಸಂಸ್ಥಾ ಕಾಂಗ್ರೆಸ್ಸಿನ ಕೈಯಲ್ಲಿ ರಾಜ್ಯದ ಸರ್ಕಾರ ಉಳಿಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ಈ ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಅವರ ಕಾಂಗ್ರೆಸ್ ಗೆದ್ದಿತು, ಅದೇ ಮಾರ್ಚಿನಲ್ಲಿ ಪಾಟೀಲರ ಸರ್ಕಾರವೂ ಬಿತ್ತು. 1972ರಲ್ಲಿ ಅರಸರು ಮುಖ್ಯಮಂತ್ರಿಯಾದರು. ಮಲ್ಪೆ ಗಾಳಿಯವರು ಹೇಳಿದ ಗೇಣಿಯ ಗದ್ದೆ ಸ್ವಂತದ್ದಾದದ್ದು ಆ ಬಳಿಕದ ಕಾಯಿದೆಯಿಂದ. ಗಾಜಿನ ಮನೆಯ ಅಧಿವೇಶನದಿಂದ ಆ ಗದ್ದೆಯ ಬದುವಿನವರೆಗೆ ದಾರಿ ನೆಟ್ಟಗಿಲ್ಲ, ಆದರೆ ದಾರಿಯಂತೂ ಇದೆ.

ಹಾಗೆಂದು ನಿಜಲಿಂಗಪ್ಪನವರ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ವಿಧಾನಸಭೆಯಲ್ಲಿ ಎದುರಿಗೆ ಕುಳಿತವರೂ ಅದನ್ನು ಪ್ರಶ್ನಿಸಿದವರಲ್ಲ.

ಮಲ್ಪೆ ಗಾಳಿ:

ಹುಣಸೂರು ದಾರಿಯವರಿಗೆ ಧನ್ಯವಾದ. ದುರ್ಗದ ಬತೇರಿಯವರ ಸುಗ್ರೀವಾಜ್ಞೆಯ ಅವಸರದ ಮಾತಿಗೆ ಉತ್ತರಿಸುವುದು ಬಾಕಿಯಿದೆ. ಅವಸರವಿತ್ತು, ನಿಜ. ಆದರೆ ಆ ಸುಗ್ರೀವಾಜ್ಞೆಯ ಜಾಗದಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಗೆ ಆಗಸ್ಟಿನಲ್ಲಿ ಅಂಕಿತ ಹಾಕಿದವರು ಗಿರಿಯವರಲ್ಲ, ಹಂಗಾಮಿ ರಾಷ್ಟ್ರಪತಿಯಾಗಿದ್ದ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು. ಗಿರಿಯವರು ಕುರ್ಚಿಯಲ್ಲಿ ಇರದಿದ್ದರೆ ಅಂಕಿತ ಸಿಗುತ್ತಿರಲಿಲ್ಲ ಎಂಬಂತೆ ನೀವು ಬರೆದದ್ದು ಸರಿಯಲ್ಲ. 1970ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾಯಿದೆಯನ್ನು ಅಸಿಂಧುಗೊಳಿಸಿತು, ಸರ್ಕಾರ ನಾಲ್ಕೇ ದಿನದಲ್ಲಿ ಇನ್ನೊಂದು ಸುಗ್ರೀವಾಜ್ಞೆ ತಂದಿತು ಎಂಬುದನ್ನೂ, ನನ್ನ ಕಡೆಗೆ ಅನುಕೂಲವಲ್ಲದಿದ್ದರೂ, ಸೇರಿಸಿಬಿಡುತ್ತೇನೆ.

ತಂದೆಯವರು ಹೇಳುತ್ತಿದ್ದ ಇನ್ನೊಂದು ವಿಷಯ. ಗಿರಿಯವರು ರಾಜೀನಾಮೆ ಕೊಟ್ಟ ಭಾನುವಾರದ ರಾತ್ರಿ ಕಳೆದು ಬೆಳಗಾಗುವುದರೊಳಗೆ ಮನುಷ್ಯ ಚಂದ್ರನ ಮೇಲೆ ಇಳಿದಿದ್ದ. ಸೋಮವಾರ ಬ್ಯಾಂಕಿನ ಬಾಗಿಲು ತೆರೆದಾಗ ಗ್ರಾಹಕರು ಯಾವುದನ್ನು ಮೊದಲು ಕೇಳಬೇಕೆಂದು ತಿಳಿಯದೆ ನಿಂತಿದ್ದರಂತೆ. ಮೀನು ವ್ಯಾಪಾರದ ಮುದುಕಿಯೊಬ್ಬಳು ಮಾತ್ರ ತನ್ನ ಪಿಗ್ಮಿ ಪುಸ್ತಕವನ್ನು ಕೌಂಟರಿನ ಮೇಲಿಟ್ಟು, ‘ಇದು ಇನ್ನು ಮೇಲೆ ಯಾರದ್ದು?’ ಎಂದು ಕೇಳಿದಳಂತೆ. ತಂದೆಯವರಿಗೆ ಉತ್ತರ ಗೊತ್ತಿರಲಿಲ್ಲ.

ಸಂತೆಪೇಟೆ:

1977ನ್ನು ಯಾರೂ ಹೇಳಲಿಲ್ಲವಲ್ಲ. ಮುಕ್ತ ಮತದಾನಕ್ಕೆ ಪತ್ರ ಬರೆದ ಫಕ್ರುದ್ದೀನ್ ಅಲಿ ಅಹಮದರು 1974ರಲ್ಲಿ ರಾಷ್ಟ್ರಪತಿಯಾಗಿ, 1977ರ ಫೆಬ್ರವರಿಯಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ನಮ್ಮ ಬಿ.ಡಿ. ಜತ್ತಿಯವರು ಹಂಗಾಮಿಯಾಗಿ ಕುಳಿತರು. ಜುಲೈನಲ್ಲಿ ಅವರಿಂದ ಆ ಹುದ್ದೆಯನ್ನು ವಹಿಸಿಕೊಂಡವರು ಅದೇ ಸಂಜೀವ ರೆಡ್ಡಿ, ಅವಿರೋಧವಾಗಿ. ಎರಡನೆಯ ಪ್ರಾಶಸ್ತ್ಯ ಎಣಿಸುವ ಕೆಲಸವೇ ಬೀಳಲಿಲ್ಲ.

ದುರ್ಗದ ಬತೇರಿ:

ಮಲ್ಪೆ ಗಾಳಿಯವರೇ, ಹಿದಾಯತುಲ್ಲಾ ಅವರ ಅಂಕಿತದ ವಿಷಯದಲ್ಲಿ ತಿದ್ದಿದ್ದಕ್ಕೆ ವಂದನೆಗಳು. ಆ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ. ಉಳಿದದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ. ನಾಮಪತ್ರಕ್ಕೆ ಸಹಿ ಹಾಕಿದ ಕೈ ಅದೇ, ಕೈಬಿಟ್ಟ ಕೈಯೂ ಅದೇ. ಅದನ್ನು ತಂತ್ರ ಎನ್ನಿ, ಪ್ರಗತಿ ಎನ್ನಿ, ದುರ್ಗದ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರಿದೆ. ಹುಣಸೂರು ದಾರಿಯವರು ಹೇಳಿದ ಕಂಬಕ್ಕೊರಗಿ ನಿಂತವರ ಮಾತು ಮಾತ್ರ ನನ್ನನ್ನು ಸ್ವಲ್ಪ ಕಾಡಿತು. ನಮ್ಮ ಮಂಡಿಯ ಕಂಬಕ್ಕೂ ಜನ ಒರಗಿ ನಿಲ್ಲುತ್ತಿದ್ದರು.

ಮೇಷ್ಟ್ರು ಕೇಳಿದ್ದರಿಂದ ನಿನ್ನೆ ತಮ್ಮನನ್ನು ಅಟ್ಟಕ್ಕೆ ಹತ್ತಿಸಿ ಪುಸ್ತಕ ಇಳಿಸಿದೆ. ಹಾಳೆ ಹಳದಿಯಾಗಿದೆ, ಅಂಚನ್ನು ಗೆದ್ದಲು ತಿಂದಿದೆ, ಅಂಕಿಗಳು ಸ್ಪಷ್ಟವಾಗಿವೆ. ಮೊದಲ ಸಾಲಿನಲ್ಲಿ ಮೂರೂ ಮನೆ ತುಂಬಿವೆ, ಮೇಷ್ಟ್ರು ಕೊಟ್ಟ ಅಂಕಿಗಳೇ. ಎರಡನೆಯ ಸಾಲಿನಲ್ಲಿ ‘ರೆ’ ಮನೆಯಲ್ಲಿ 4,05,427 ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ‘ಗಿ’ ಮನೆಯಲ್ಲಿ ಏನೂ ಬರೆದಿಲ್ಲ. ಅದರ ಕೆಳಗೆ ಮರುದಿನದ ಕಡಲೆಕಾಯಿ ಚೀಲಗಳ ಲೆಕ್ಕ ಶುರುವಾಗುತ್ತದೆ.